ಆಟಿಸಂ ಇದೆ ಅಂದ ಮಾತ್ರಕ್ಕೆ ಅವರ ಮಾತು ಸುಳ್ಳಾಗಲ್ಲ

"ಚಿಕ್ಕಂದಿನಿಂದಲೂ ಇವನು ಹಿಂಗೇ ಡಾಕ್ಟ್ರೇ, ಒಂದು ಹಿಡಿದ್ರೆ ಬಿಡಲ್ಲ. ಆಗ ರೈಲು ರೈಲು ಅಂತಿದ್ದ, ಈಗ ನಾನು ಹುಡುಗಿ ಅಂತಾನೆ."

ಹಾಸನದ ನನ್ನ ಕ್ಲಿನಿಕ್ಕಿನಲ್ಲಿ ಬೇರೆ ಬೇರೆ ಮನೆಯವರ ಬಾಯಲ್ಲಿ ಇದೇ ಧಾಟಿಯ ಮಾತು ಕೇಳಿದ್ದೇನೆ. ಹೆತ್ತವರ ಗಾಬರಿ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಡಾಕ್ಟರುಗಳೂ ಇದನ್ನೇ ಹೇಳಿ ಕಳಿಸುತ್ತಾರಲ್ಲ, ಅದು ಮಾತ್ರ ಒಪ್ಪುವಂಥದ್ದಲ್ಲ. "ಮೊದಲು ಆಟಿಸಂ ಸರಿಹೋಗಲಿ, ಆಮೇಲೆ ನೋಡೋಣ" ಅಂತಾರೆ. ಆಟಿಸಂ ಅಂದರೆ ಜಗತ್ತನ್ನು ಗ್ರಹಿಸುವ, ಜನರ ಜೊತೆ ಬೆರೆಯುವ ರೀತಿಯೇ ಬೇರೆ ಇರುವುದು. ಅದು ಹುಟ್ಟಿನಿಂದ ಬಂದದ್ದು, ಜ್ವರದ ಹಾಗೆ ಇಳಿದುಹೋಗುವುದಲ್ಲ. ಅಂದರೆ ಆ "ಆಮೇಲೆ" ಯಾವತ್ತೂ ಬರುವುದೇ ಇಲ್ಲ.

ಆಟಿಸಂ ಒಂದು ಕಡೆ, ಟ್ರಾನ್ಸ್ ಆಗಿರುವುದು, ಅಂದರೆ ಹುಟ್ಟಿದಾಗ ಗುರುತಿಸಿದ ಲಿಂಗ ತನ್ನದಲ್ಲ ಅನ್ನಿಸುವುದು, ಇನ್ನೊಂದು ಕಡೆ. ಇವೆರಡೂ ಒಟ್ಟಿಗೆ ಇರುವುದು ಅಪರೂಪವೇನಲ್ಲ. 2020ರಲ್ಲಿ ಕೇಂಬ್ರಿಡ್ಜಿನ ವರುಣ್ ವಾರಿಯರ್ ತಂಡ ಆರು ಲಕ್ಷಕ್ಕೂ ಜಾಸ್ತಿ ಜನರ ಮಾಹಿತಿ ನೋಡಿತು. ಟ್ರಾನ್ಸ್ ಮತ್ತು ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಆಟಿಸಂ ಇರುವ ಸಾಧ್ಯತೆ ಉಳಿದವರಿಗಿಂತ ಮೂರರಿಂದ ಆರು ಪಟ್ಟು ಹೆಚ್ಚು ಅಂತ ಕಂಡುಬಂತು. ಒಂದರಿಂದ ಇನ್ನೊಂದು ಬರುತ್ತದೆ ಅಂತ ಇದರ ಅರ್ಥ ಅಲ್ಲ. ಟ್ರಾನ್ಸ್ ಜನರ ಆರೋಗ್ಯಕ್ಕೆಂದು ಜಗತ್ತಿನ ವೈದ್ಯರು ಅನುಸರಿಸುವ ಡಬ್ಲ್ಯೂಪ್ಯಾತ್ ಮಾರ್ಗಸೂಚಿಯ 2022ರ ಆವೃತ್ತಿ, ಆಟಿಸಂನಂಥದ್ದು ಇದೆ ಅನ್ನುವ ಒಂದೇ ಕಾರಣಕ್ಕೆ ಚಿಕಿತ್ಸೆ ತಡೆಹಿಡಿಯುವುದರಿಂದ ಒಳ್ಳೆಯದಾಗುತ್ತದೆ ಅನ್ನುವುದಕ್ಕೆ ಯಾವ ಪುರಾವೆಯೂ ಇಲ್ಲ ಅನ್ನುತ್ತದೆ.

ಹಾಗಂತ ಕಣ್ಣುಮುಚ್ಚಿ ಔಷಧ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಎಷ್ಟು ಸಲ ಬೇಕೋ ಅಷ್ಟು ಸಲ ಕೂತು ಮಾತಾಡಿ. ರೈಲಿನ ವಿಷಯ ಬಂದಾಗ ಆ ಮಗುವಿನ ಮುಖ ಅರಳುತ್ತಿತ್ತು, ಟೈಮ್‌ಟೇಬಲ್ ಬಾಯಿಪಾಠ ಒಪ್ಪಿಸಿ ಖುಷಿಪಡುತ್ತಿತ್ತು. ಈಗ ಕನ್ನಡಿ ನೋಡಲ್ಲ, ಗಡ್ಡ ಮೂಡಿದಾಗಿನಿಂದ ಸ್ನಾನಕ್ಕೇ ಹೋಗಲ್ಲ, ಕಾಲೇಜು ಬಿಟ್ಟು ಕೋಣೆ ಸೇರಿಕೊಂಡಿದ್ದಾಳೆ. ಇಷ್ಟದ ವಿಷಯ ನೆಮ್ಮದಿ ಕೊಡುತ್ತದೆ, ಇದು ಪ್ರಾಣ ಹಿಂಡುತ್ತಿದೆ. ಮನೆಯವರನ್ನೇ ಬಿಡಿಸಿ ಕೇಳಿದರೆ ಇದು ನಿನ್ನೆ ಮೊನ್ನೆಯದಲ್ಲ ಅಂತ ಗೊತ್ತಾಗುತ್ತದೆ. "ಟ್ರಾನ್ಸ್ ಅನ್ನೋ ಮನಸ್ಸನ್ನೇ ಬದಲಾಯಿಸಿ ಕೊಡ್ತೀನಿ" ಅನ್ನುವ ಡಾಕ್ಟರ ಹತ್ತಿರ ಮಾತ್ರ ದಯವಿಟ್ಟು ಹೋಗಬೇಡಿ. ಅದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಉಲ್ಟಾನೂ ಆಗುತ್ತದೆ. ಹೆಣ್ಣಾಗಿ ಬೆಳೆಸಿದ ಮಗುವಿನಲ್ಲಿ ಆಟಿಸಂ ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ. ನಾಚಿಕೆ ಸ್ವಭಾವ, ಸುಮ್ನೆ ಇರೋ ಮಗು ಅಂದುಕೊಂಡು ಬಿಟ್ಟುಬಿಡುತ್ತಾರೆ. ಆ ಮಗು ದೊಡ್ಡದಾಗಿ ತಾನು ಗಂಡು ಅಂತ ಹೇಳಿಕೊಂಡು ಬಂದಾಗ ಆತಂಕ, ನಿದ್ದೆಗೇಡು, ಜನ ಕಂಡರೆ ಸುಸ್ತು, ಎಲ್ಲವನ್ನೂ ಟ್ರಾನ್ಸ್ ಆಗಿರುವುದರ ಲೆಕ್ಕಕ್ಕೇ ಹಾಕಿ ಫೈಲು ಮುಚ್ಚುತ್ತಾರೆ. ನಮ್ಮ ಕಡೆಯಿಂದ ಆಟಿಸಂ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗುತ್ತಾರೆ, ದೇಹವನ್ನು ತಮ್ಮ ಲಿಂಗತ್ವಕ್ಕೆ ಹೊಂದಿಸುವ ಹಾರ್ಮೋನ್ ಚಿಕಿತ್ಸೆಗೆ ಮತ್ತೆ ಬೆಂಗಳೂರು. ಎರಡು ಕಡೆ ಎರಡು ಫೈಲು, ಒಬ್ಬರದ್ದನ್ನು ಇನ್ನೊಬ್ಬರು ತೆಗೆದು ನೋಡುವುದಿಲ್ಲ.

ಇನ್ನು ಆಸ್ಪತ್ರೆಯ ಬೆಳಗ್ಗೆ ಹೇಗಿರುತ್ತದೆ ನೋಡಿ. ಚೀಟಿ ಮಾಡಿಸುವ ಕಡೆ ಗಂಡಸರ ಸಾಲು, ಹೆಂಗಸರ ಸಾಲು. ಯಾವುದರಲ್ಲಿ ನಿಂತರೂ ಹತ್ತು ಕಣ್ಣು. ಫಿನಾಯಿಲ್ ವಾಸನೆ, ಮಿಣುಕುವ ಟ್ಯೂಬ್‌ಲೈಟು, ಮಕ್ಕಳ ಅಳು, ಬೆನ್ನಿಗೆ ಅಂಟಿಕೊಂಡು ನಿಂತ ಜನ. ಕೊನೆಗೆ ಅಟೆಂಡರ್ ಆಧಾರ್‌ನಲ್ಲಿರುವ ಹಳೇ ಹೆಸರನ್ನು ಇಡೀ ಹಾಲಿಗೆ ಕೇಳುವ ಹಾಗೆ ಕೂಗುತ್ತಾರೆ. ಅಷ್ಟು ಹೊತ್ತಿಗೆ ಎಷ್ಟೋ ಜನಕ್ಕೆ ಬಾಯೇ ಹೊರಡಲ್ಲ. ಒಳಗೆ ಬಂದ ಮೇಲೆ "ಹೇಗಿದ್ದೀಯಪ್ಪಾ?" ಅಂತ ಕೇಳಿದರೆ "ಚೆನ್ನಾಗಿದ್ದೀನಿ" ಅಂತಾರೆ. ಅಲ್ಲಿಗೆ ಮುಗೀತು, ಡಾಕ್ಟರು ವಿಟಮಿನ್ ಮಾತ್ರೆ ಬರೆದು ಕಳಿಸುತ್ತಾರೆ.

ಇದನ್ನು ಸರಿಮಾಡೋಕೆ ದುಡ್ಡೇನೂ ಬೇಕಿಲ್ಲ. ಹೆಸರು ಕೂಗುವ ಬದಲು ಟೋಕನ್ ನಂಬರ್ ಕೂಗಿ. ದಿನದ ಮೊದಲನೇ ಸರದಿಯನ್ನೋ ಕೊನೆಯದನ್ನೋ ಅವರಿಗೆ ಕೊಡಿ, ಹೊರಗೆ ಮರದ ಕೆಳಗೆ ಕೂತಿರಲಿ, ಸರದಿ ಬಂದಾಗ ಫೋನ್ ಮಾಡಿ. ಕೇಳುವ ಪ್ರಶ್ನೆಗಳನ್ನು ನಾನು ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ, ಎದುರಿಗೆ ಎರಡು ಮಾತಾಡದವರು ರಾತ್ರಿ ಕೂತು ನಾಲ್ಕು ಪುಟ ಬರೆದು ಕಳಿಸುತ್ತಾರೆ. "ನೋವು ಹತ್ತಕ್ಕೆ ಎಷ್ಟು?" ಅನ್ನುವುದಕ್ಕಿಂತ "ನೋವಿನಿಂದ ರಾತ್ರಿ ಎಚ್ಚರ ಆಯ್ತಾ? ಮೆಟ್ಟಿಲು ಹತ್ತೋಕೆ ಆಗುತ್ತಾ?" ಅಂತ ಕೇಳಿ. ಮುಟ್ಟುವ ಮೊದಲು ಹೇಳಿ. ಬಿಪಿ ಪಟ್ಟಿ ಬಿಗಿಯುವ ಮೊದಲು ಎಷ್ಟು ಹೊತ್ತು ಅಂತ ಹೇಳಿದರೆ ಕೈ ಎಳೆದುಕೊಳ್ಳುವುದು ಎಷ್ಟೋ ಕಡಿಮೆಯಾಗುತ್ತದೆ. ಹಾರ್ಮೋನಿನಲ್ಲೂ ಅಷ್ಟೇ, ಜೆಲ್ ಮೈಗೆ ಅಂಟುವುದನ್ನು ತಡೆಯಲಾರದವರಿಗೆ ಇಂಜೆಕ್ಷನ್ ಹಿತ, ಸೂಜಿ ಕಂಡರೆ ಆಗದವರಿಗೆ ಜೆಲ್ಲೇ ವಾಸಿ. ಕೇಳದೆ ಇದು ತಿಳಿಯಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅದರ 25ನೇ ಸೆಕ್ಷನ್ ಅಂಥವರನ್ನು ಮೊದಲು ನೋಡಬೇಕು ಅನ್ನುತ್ತದೆ, ಸರ್ಕಾರಿ ಖಾಸಗಿ ಎರಡೂ ಆಸ್ಪತ್ರೆಗಳಲ್ಲಿ ಅಡೆತಡೆ ಇರಬಾರದು ಅನ್ನುತ್ತದೆ. ಆದರೆ ಅಂಗವೈಕಲ್ಯದ ಕಾರ್ಡು ತೋರಿಸಿದರೂ "ನೋಡೋಕೆ ಚೆನ್ನಾಗೇ ಇದ್ದೀರಲ್ಲ" ಅನ್ನುವ ಸಿಬ್ಬಂದಿ ಇದ್ದಾರೆ. ಬರೀ ಕಣ್ಣಿಗೆ ಕಾಣುವುದೇ ವೈಕಲ್ಯ ಅಂತ ತಿಳಿದಿದ್ದೇವೆ, ಅಲ್ವಾ?

ಇನ್ನೊಂದು ಸಿಕ್ಕು ಪೋಷಕತ್ವದ್ದು. ಜಮೀನು, ಬ್ಯಾಂಕು ಅಂತ ಎಷ್ಟೋ ತಂದೆತಾಯಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ವಯಸ್ಸಿಗೆ ಬಂದ ಮಗುವಿಗೆ ಕಾನೂನು ಪೋಷಕರಾಗುತ್ತಾರೆ. ಆಮೇಲೆ ಆಸ್ಪತ್ರೆ ಎಲ್ಲದಕ್ಕೂ ಅವರ ಸಹಿಯನ್ನೇ ಕೇಳುತ್ತದೆ. ಎಲ್ಲರಿಗೂ ಅದರ ಅಗತ್ಯವಿಲ್ಲ, ಮಾಡಿಸುವ ಮೊದಲು ಮಗುವನ್ನೂ ಕೂರಿಸಿಕೊಂಡು ಮಾತಾಡಿ. ಮಾನಸಿಕ ಆರೋಗ್ಯದ ಚಿಕಿತ್ಸೆಯ ಮಟ್ಟಿಗಾದರೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಂದು ದಾರಿ ಕೊಟ್ಟಿದೆ. 18 ದಾಟಿದ ಯಾರೇ ಆಗಲಿ, ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ ತಮಗೆ ನಂಬಿಕೆಯಿರುವ ವಯಸ್ಕರೊಬ್ಬರನ್ನು ಪ್ರತಿನಿಧಿ ಅಂತ ನೇಮಿಸಿಕೊಳ್ಳಬಹುದು. ಅವರು ಮನೆಯವರೇ ಆಗಿರಬೇಕು ಅಂತಿಲ್ಲ, ಸ್ನೇಹಿತೆಯೂ ಆಗಬಹುದು.

ಬೆಂಗಳೂರಿಗೆ ಕಳಿಸುವಾಗ ನಾನು ಒಂದು ಪುಟದ ಪತ್ರ ಬರೆದುಕೊಡುತ್ತೇನೆ. ಯಾವ ಹೆಸರಿನಿಂದ ಕರೆಯಬೇಕು, ಯಾವ ಸದ್ದು ಆಗಿಬರಲ್ಲ, ಮಾತು ನಿಂತಾಗ ಫೋನಿನಲ್ಲಿ ಟೈಪ್ ಮಾಡುತ್ತಾರೆ, ಸುಮ್ಮನಿದ್ದರೆ ಒಪ್ಪಿಗೆ ಅಂದುಕೊಳ್ಳಬೇಡಿ, ಇಷ್ಟೇ. ಇಲ್ಲಿನ ಫಿಸಿಶಿಯನ್‌ಗಳಲ್ಲಿ ನನ್ನದೊಂದು ಕೋರಿಕೆ ಇದೆ. ಹಾರ್ಮೋನ್ ಶುರುವಾದ ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗಬೇಕು. ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ತಗೊಳ್ಳುವವರಿಗೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಅದನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ನುಂಗುವವರಿಗೆ ಪೊಟ್ಯಾಸಿಯಂ, ಜೊತೆಗೆ ಹಾರ್ಮೋನ್ ಮಟ್ಟ, ಇವೆಲ್ಲ ನಮ್ಮೂರಿನ ಲ್ಯಾಬುಗಳ ಮೂಲಕವೇ ಮಾಡಿಸಬಹುದು. ರಿಪೋರ್ಟು ನೋಡಿ ಬೆಂಗಳೂರಿನ ಡಾಕ್ಟರಿಗೊಂದು ಫೋನ್ ಮಾಡಲು ನೀವು ಒಪ್ಪಿಕೊಂಡರೆ, ಬಸ್ಸಿನ ಹಾರ್ನು, ಮೆಜೆಸ್ಟಿಕ್‌ನ ಜನಜಂಗುಳಿ ತಡೆಯಲಾರದೆ ಚಿಕಿತ್ಸೆಯನ್ನೇ ಬಿಟ್ಟವರು ಮತ್ತೆ ಶುರುಮಾಡುತ್ತಾರೆ.