ದುಂಬಿಗೆ ನಾಟುವ ಔಷಧಿ ಸೈನಿಕ ಹುಳುವಿಗೆ ಯಾಕೆ ನಾಟುವುದಿಲ್ಲ?

ಹಾವೇರಿ ಕಡೆಯ ರೈತರೊಬ್ಬರು ಫೋನ್ ಮಾಡಿದ್ದರು. "ಸರ್, ಹುಳದ ಜೀನ್ ಬಂದ್ ಮಾಡೋ ಔಷಧ ಬಂದೈತಂತಲ್ರಿ. ನಮ್ಮ ಗೋವಿನಜೋಳಕ್ಕ ಯಾವಾಗ ಸಿಗತೈತಿ?"

ಅವರ ಚಿಂತೆ ಗೋವಿನಜೋಳದ ಸುಳಿಯಲ್ಲಿ ಕೂತು ಮೇಯುವ ಫಾಲ್ ಸೈನಿಕ ಹುಳುವಿನದು. 2018ರಲ್ಲಿ ಅದು ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು ನಮ್ಮ ಕರ್ನಾಟಕದಲ್ಲೇ. ಔಷಧಿ ಬಂದಿರುವುದೇನೋ ನಿಜ. ಆದರೆ ಅಮೆರಿಕದಲ್ಲಿ, ಆಲೂಗಡ್ಡೆಗೆ. ಅದೂ ಒಂದು ದುಂಬಿಯ ಮೇಲೆ.

ಕೆಲಸ ನಡೆಯುವ ರೀತಿ ಹೀಗೆ. ಜೀನ್ ಅಂದರೆ ಕಚೇರಿಯಲ್ಲಿ ಭದ್ರವಾಗಿರುವ ಮೂಲ ದಾಖಲೆ. ಜೀವಕೋಶ ಅದರ ಜೆರಾಕ್ಸ್ ತೆಗೆದುಕೊಂಡು ಪ್ರೋಟೀನ್ ತಯಾರಿಸುತ್ತದೆ. ಈ ಜೆರಾಕ್ಸೇ ಎಂಆರ್‌ಎನ್‌ಎ. ನಾವು ಮೂಲಕ್ಕೆ ಕೈ ಹಾಕುವುದಿಲ್ಲ, ಜೆರಾಕ್ಸನ್ನು ಹರಿದು ಹಾಕಿಸುತ್ತೇವೆ. ಅದೇ ಜೀನಿನ ಒಂದು ತುಣುಕಿಗೆ ಹೊಂದುವ ಎರಡೆಳೆಯ ಆರ್‌ಎನ್‌ಎ ಮಾಡಿ ಕೀಟಕ್ಕೆ ತಿನ್ನಿಸಿದರೆ, ಯಾವುದೋ ವೈರಸ್ ನುಗ್ಗಿತು ಎಂದುಕೊಂಡು ಜೀವಕೋಶ ಅದನ್ನು ಸುಮಾರು 21 ಅಕ್ಷರಗಳ ಚೂರುಗಳಾಗಿ ಕತ್ತರಿಸುತ್ತದೆ. ಆ ಚೂರುಗಳನ್ನೇ ಗುರುತಿಗೆ ಇಟ್ಟುಕೊಂಡು ತನ್ನದೇ ಜೆರಾಕ್ಸನ್ನು ಹುಡುಕಿ ಹರಿಯುತ್ತದೆ. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲೊ 1998ರಲ್ಲಿ ಒಂದು ಪುಟ್ಟ ಜಂತುಹುಳದಲ್ಲಿ ಇದನ್ನು ತೋರಿಸಿಕೊಟ್ಟರು. 2006ರಲ್ಲಿ ನೊಬೆಲ್ ಬಂತು.

ಅಮೆರಿಕದ ಔಷಧಿಯ ಹೆಸರು ಲೆಡ್‌ಪ್ರೋನಾ. ಕೊಲೊರಾಡೊ ಆಲೂಗಡ್ಡೆ ದುಂಬಿಗೆ ಸಿಂಪಡಿಸಲು 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಪರಿಸರ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಈ ದುಂಬಿ 50ಕ್ಕೂ ಹೆಚ್ಚು ಕೀಟನಾಶಕಗಳನ್ನು ಅರಗಿಸಿಕೊಂಡ ಭೂಪ. ಲೆಡ್‌ಪ್ರೋನಾ ಅದರ ಜೀವಕೋಶದ ಕಸ ವಿಲೇವಾರಿಯನ್ನೇ ನಿಲ್ಲಿಸುತ್ತದೆ. ಕೆಟ್ಟ ಪ್ರೋಟೀನು ಒಳಗೇ ಗುಡ್ಡೆ ಬೀಳುತ್ತದೆ. ಹುಳು ತಿನ್ನುವುದು ಬಿಡುತ್ತದೆ, ಆಮೇಲೆ ಸಾಯುತ್ತದೆ. ಇದರಲ್ಲಿ ಗಿಡದ ಜೀನನ್ನು ಯಾರೂ ಮುಟ್ಟಿಲ್ಲ. ತಿಂದವರಿಗೆ ಏನಾದರೂ ಆಗುತ್ತದಾ ಎಂದು ಕೇಳುವವರಿದ್ದಾರೆ. ನಾವು ತಿನ್ನುವ ಪ್ರತಿಯೊಂದು ಸೊಪ್ಪಿನಲ್ಲೂ ಆರ್‌ಎನ್‌ಎ ಇದ್ದೇ ಇದೆ, ಹೊಟ್ಟೆ ಅದನ್ನು ದಿನಾ ಅರಗಿಸುತ್ತದೆ.

ಹಾಗಾದರೆ ಸೈನಿಕ ಹುಳುವಿಗೆ ಅಡ್ಡಿ ಏನು? ಅದರ ಹೊಟ್ಟೆ. ನಮ್ಮ ಲ್ಯಾಬಿಗೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಮಾಡಿಸುವ ಪ್ರಯೋಗ ಇದೇ. ಹುಳುವಿನ ಕರುಳಿನಿಂದ ಒಂದು ಹನಿ ಹಸಿರು ರಸ ತೆಗೆದು ಆರ್‌ಎನ್‌ಎ ಜೊತೆ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಆರ್‌ಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸುವುದು. ಬರೀ ನೀರಿನಲ್ಲಿಟ್ಟ ಆರ್‌ಎನ್‌ಎ ಗಟ್ಟಿ ಗೆರೆಯಾಗಿ ಹೊಳೆಯುತ್ತದೆ. ರಸ ಬೆರೆಸಿದ ಕಡೆ ಗೆರೆಯೇ ಇಲ್ಲ, ಕೆಳಗೆ ಒರೆಸಿದಂಥ ಮಸುಕು. ಸೈನಿಕ ಹುಳುವಿನಂಥ ಚಿಟ್ಟೆ-ಪತಂಗ ಜಾತಿಯ ಹುಳುಗಳ ಕರುಳು ತುಂಬಾ ಕ್ಷಾರ. ಜೊತೆಗೆ ಆರ್‌ಎನ್‌ಎ ಕತ್ತರಿಸುವ ಕಿಣ್ವಗಳು ಜಾಸ್ತಿ. ಅದನ್ನೂ ದಾಟಿ ಜೀವಕೋಶದೊಳಗೆ ಹೋದದ್ದು ಅಲ್ಲೇ ಚೀಲಗಳಲ್ಲಿ ಸಿಕ್ಕಿಕೊಂಡು ಕೊಳೆಯುತ್ತದೆ. ಹತ್ತಿಯ ಗುಲಾಬಿ ಕಾಯಿಕೊರಕದ್ದೂ ಇದೇ ಜಾತಿ.

ಬದನೆ ಎಲೆಯನ್ನು ಕೆರೆದು ಜರಡಿ ಮಾಡುವ 28 ಚುಕ್ಕೆಯ ದುಂಬಿ ಇದೆಯಲ್ಲ, ಅದರ ಕಥೆಯೇ ಬೇರೆ. ಆರ್‌ಎನ್‌ಎ ಸವರಿದ ಎಲೆ ತಿಂದ ಮರಿಗಳು ಪೊರೆ ಕಳಚಲಾಗದೆ ಹಾಗೇ ಕೂತುಬಿಡುತ್ತವೆ. ಆದರೆ ಇಲ್ಲೊಂದು ತೊಡಕಿದೆ. ಗಿಡದ ಹೇನು ತಿಂದು ನಮಗೆ ಉಪಕಾರ ಮಾಡುವ ಗುಲಗಂಜಿ ದುಂಬಿ ಇದರ ದಾಯಾದಿ. ಹಾಗಾಗಿ ಜೀನಿನಲ್ಲಿ ಇಬ್ಬರಿಗೂ ಹೊಂದುವ 21 ಅಕ್ಷರದ ಸಾಲು ಒಂದೂ ಇಲ್ಲದ ಜಾಗ ಹುಡುಕಬೇಕು. ನಮ್ಮ ಅರ್ಧ ದಿನ ಕಂಪ್ಯೂಟರ್ ಮುಂದೆ ಇದಕ್ಕೇ ಹೋಗುತ್ತದೆ.

"ಕೀಟ ಒಗ್ಗಿಕೊಂಡರೆ ಬೇರೆ ಜೀನ್ ಆರಿಸಿದರಾಯಿತು" ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ನನಗೆ ಆ ಧೈರ್ಯ ಇಲ್ಲ. ಅಮೆರಿಕದಲ್ಲಿ ಗೋವಿನಜೋಳದ ಬೇರು ತಿನ್ನುವ ಒಂದು ದುಂಬಿಯನ್ನು ಲ್ಯಾಬಿನಲ್ಲಿ ಇಂಥದೇ ಎರಡೆಳೆಯ ಆರ್‌ಎನ್‌ಎಗೆ ಒಗ್ಗಿಸಿ ನೋಡಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ನಾವು ಗುರಿ ಇಟ್ಟ ಜೀನನ್ನು ಹುಳು ಬದಲಿಸಿಕೊಂಡಿರಲೇ ಇಲ್ಲ. ಕರುಳಿನಲ್ಲಿ ಆರ್‌ಎನ್‌ಎ ಒಳಗೆ ಬಿಟ್ಟುಕೊಳ್ಳುವುದನ್ನೇ ನಿಲ್ಲಿಸಿತ್ತು. ಬಾಗಿಲೇ ಮುಚ್ಚಿದ ಮೇಲೆ ಯಾವ ಜೀನಿನದನ್ನು ಕೊಟ್ಟರೇನು?

ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ಅಲ್ರೀ, ಗೊಣ್ಣೆ ಹುಳ ದುಂಬಿ ಜಾತಿದ ಅಲ್ಲೇನ್ರಿ? ಅದಕ್ಕರ ನಾಟಬೇಕಲ್ಲ?" ಅಂದರು.

ಎಂಎಸ್ಸಿ ಹುಡುಗರೂ ಇಷ್ಟು ಬೇಗ ಈ ಪ್ರಶ್ನೆಗೆ ಬರುವುದಿಲ್ಲ. ನಾಟಬಹುದು. ಆದರೆ ಗೊಣ್ಣೆ ಹುಳು ಇರುವುದು ಮಣ್ಣಿನಲ್ಲಿ, ಬರೀ ಆರ್‌ಎನ್‌ಎ ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಎರಡು ದಿನದಲ್ಲಿ ಮುಗಿಸುತ್ತವೆ. ಕಾಫಿಯ ಬಿಳಿ ಕಾಂಡಕೊರಕವೂ ದುಂಬಿಯೇ, ಅದು ಮರದೊಳಗೆ ಅಡಗಿರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಜೇಡಿಮಣ್ಣಿನಂಥ ನ್ಯಾನೊ ಹಾಳೆಗಳಲ್ಲಿ ಆರ್‌ಎನ್‌ಎ ಸುತ್ತಿ ಎಲೆ ಮೇಲೆ ಹೆಚ್ಚು ದಿನ ಉಳಿಸಿದ್ದಾರೆ, ಬಿಳಿನೊಣದ ಮೇಲೆ ಅದು ಕೆಲಸ ಮಾಡಿದೆ. ಅಂಥ ಹೊದಿಕೆಯೊಂದು ಗೊಣ್ಣೆ ಹುಳುವಿನ ಬಾಯಿ ತನಕ ಮಣ್ಣಿನಲ್ಲಿ ಬಾಳಬೇಕು.

"ಅಂದ್ರ ಈ ವರ್ಷ ಇಲ್ಲ," ಅಂದರು. ಇಲ್ಲ ಅಂದೆ. ಬಿತ್ತನೆಯಾಗಿ ಎಷ್ಟು ದಿನವಾಯಿತೆಂದು ಕೇಳಿದೆ. ಹದಿನೈದಂತೆ. ನಾಳೆ ಬೆಳಿಗ್ಗೆ ಸುಳಿ ಬಿಡಿಸಿ ನೋಡಿ, ಹಿಕ್ಕೆ ಕಂಡರೆ ಫೋಟೊ ಕಳಿಸಿ ಎಂದೆ.