‘ಸಮ್ಮತಿ’ ಅಂದರೆ ಬಟನ್ ಒತ್ತುವುದಾ?

‘ಆಟಗಾರರು ಷರತ್ತುಗಳಿಗೆ ಸಮ್ಮತಿ ಕೊಟ್ಟಿದ್ದಾರೆ.’ ಆನ್‌ಲೈನ್ ಗೇಮ್‌ಗಳ ಸುದ್ದಿಯಲ್ಲಿ ಈ ಸಾಲನ್ನು ಒಂದೇ ವಾರದಲ್ಲಿ ಮೂರನೇ ಸಲ ಓದಿದೆ. ಇಲ್ಲ ಸ್ವಾಮಿ, ಕೊಟ್ಟಿಲ್ಲ. ಕೊಟ್ಟಿರುವುದು ಬರೀ ಒಪ್ಪ.

ಹಳೆಯ ಶಾಸನಗಳ ಕೊನೆಯಲ್ಲಿ ಇಂಥವನ ‘ಒಪ್ಪ’ ಅಂತ ಬರುತ್ತದೆ. ಅಂದರೆ ರುಜು. ಕೈ ಹಾಕಿದ ಗುರುತು, ಅಷ್ಟೇ. ಸಮ್ಮತಿ ಹಾಗಲ್ಲ. ಅದನ್ನು ‘ಸಮ ಮತಿ’ ಅಂತ ಒಡೆಯುವವರೂ ಇದ್ದಾರೆ, ತಪ್ಪು. ಸಂ ಮತ್ತು ಮತಿ ಸೇರಿ ಸಮ್ಮತಿ. ಸಂ ಅಂದರೆ ಜೊತೆಗೆ, ಮತಿ ಅಂದರೆ ಯೋಚಿಸುವ ಮನಸ್ಸು. ಎರಡು ಕಡೆಯ ಮನಸ್ಸು ಒಂದು ಕಡೆ ಕೂಡಬೇಕು. ನಮ್ಮ 1872ರ ಕರಾರು ಕಾಯ್ದೆಯ 13ನೇ ಕಲಮು ಹೇಳುವುದೂ ಇದನ್ನೇ: ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಬೇಕು.

ಓದದೇ ಇದ್ದವನ ಮತಿ ಎಲ್ಲಿ ಹೋಗಿ ಕೂಡುತ್ತದೆ? 2010ರ ಏಪ್ರಿಲ್ 1ರಂದು ಬ್ರಿಟನ್ನಿನ ಗೇಮ್‌ಸ್ಟೇಷನ್ ಅಂಗಡಿ ತನ್ನ ಆನ್‌ಲೈನ್ ಷರತ್ತುಗಳಲ್ಲಿ ‘ನಿಮ್ಮ ಅಮರ ಆತ್ಮ ನಮಗೆ’ ಅನ್ನುವ ಅರ್ಥದ ಸಾಲು ಸೇರಿಸಿತ್ತು. ಬೇಡ ಅನ್ನುವವರಿಗೆ ಪ್ರತ್ಯೇಕ ದಾರಿಯನ್ನೂ ಇಟ್ಟಿತ್ತು. ಆದರೂ ಸುಮಾರು 7,500 ಜನ ಆತ್ಮ ಬರೆದುಕೊಟ್ಟರು. ತಮಾಷೆಯೇ, ನಿಜ. ಆದರೆ ಅವರು ಆತ್ಮ ಮಾರಲು ‘ಸಮ್ಮತಿಸಿದರು’ ಅಂತ ಬರೆಯಲು ಯಾರಿಗಾದರೂ ಕೈ ಬರುತ್ತಾ?

‘ಮೌನಂ ಸಮ್ಮತಿ ಲಕ್ಷಣಂ’ ಅಂತ ಯಾರಾದರೂ ಶುರು ಮಾಡುತ್ತಾರೆ, ಗೊತ್ತು. ಆ ಮೌನ ಕೇಳಿಸಿಕೊಂಡವನದು. ಕೇಳಿಸಿಕೊಳ್ಳದವನು ಸುಮ್ನಿದ್ದರೆ ಅದು ಯಾವ ಲಕ್ಷಣವೂ ಅಲ್ಲ.

ಅಕ್ಕನ ಮಗನಿಗೆ 13 ವರ್ಷ. ಹೊಸ ಗೇಮ್ ಹಾಕಿಕೊಳ್ಳುವಾಗ ಪಕ್ಕದಲ್ಲೇ ಕೂತಿದ್ದೆ. ಹುಟ್ಟಿದ ವರ್ಷ ಕೇಳಿತು. ಹೆಬ್ಬೆರಳಲ್ಲಿ ಪಟ್ಟಿಯನ್ನು ಜೋರಾಗಿ ಉರುಳಿಸಿದ, 1991ಕ್ಕೆ ನಿಂತಿತು, ಬಿಟ್ಟ. ಷರತ್ತುಗಳ ಪುಟ ಬಂತು. ‘ಓದೋ’ ಅಂದೆ. ‘ಮಾಮ, ಅದು ಓದೋಕಲ್ಲ, ಒತ್ತೋಕೆ’ ಅಂದ. ಕಾಯ್ದೆ ಪ್ರಕಾರ 18 ತುಂಬದವನು ಕರಾರು ಮಾಡಿಕೊಳ್ಳುವ ಹಾಗೇ ಇಲ್ಲ, ಅದು ಬೇರೆ ಮಾತು.

ಇನ್ನು ದೊಡ್ಡವರು. ಮೂರು ವರ್ಷ ಆಡಿ, ದುಡ್ಡು ಕೊಟ್ಟು ಸ್ಕಿನ್ (ಆಟದೊಳಗಿನ ಪಾತ್ರಕ್ಕೆ ತೊಡಿಸುವ ವೇಷ) ಕೊಂಡವರಿಗೆ ಒಂದು ಬೆಳಿಗ್ಗೆ ಹೊಸ ಷರತ್ತು ಬರುತ್ತದೆ. ಒಪ್ಪದಿದ್ದರೆ ಒಳಗೆ ಬಿಡಲ್ಲ. ಇವರು ಬೇಕಾದರೆ ಪೂರ್ತಿ ಓದಲಿ. ಆಗಲೂ ನಾನು ಅದನ್ನು ಸಮ್ಮತಿ ಅನ್ನಲ್ಲ. ಅದಕ್ಕೆ ಕನ್ನಡದಲ್ಲಿ ‘ವಿಧಿಯಿಲ್ಲದೆ’ ಅನ್ನುವ ಒಳ್ಳೆಯ ಪದ ಇದೆ.

ವರದಿಗೆ ಏನು ಬರೆಯಬೇಕು ಅಂತೀರಾ? ‘ಬಟನ್ ಒತ್ತಿದ್ದಾರೆ’ ಅಂತ ಬರೆಯಿರಿ.