ನಗುವಿಗೂ ನಗೆಪಾಟಲಿಗೂ ನಡುವೆ

"ಹೋದ ಸಲದ ಸಂಗೀತ ಕಛೇರಿಗೆ ಎಷ್ಟು ಜನ ಬಂದಿದ್ದರು?" ಎಂದು ಕೇಳಿದೆ. ಮೈಕ್ ಮುಂದೆ ಕೂತಿದ್ದ ಗಾಯಕಿ ತಡಮಾಡದೆ ಹೇಳಿದರು: "ಒಟ್ಟು ಏಳು ಜನ ಇದ್ದೆವು. ಅದರಲ್ಲಿ ನಾಲ್ವರು ವೇದಿಕೆ ಮೇಲಿದ್ದೆವು."

ಇಡೀ ರೇಡಿಯೊ ಸ್ಟುಡಿಯೊ ನಕ್ಕಿತು. ಗಾಜಿನಾಚೆ ಕೂತಿದ್ದ ತಂತ್ರಜ್ಞರು ಮೇಜು ತಟ್ಟಿ ನಗುತ್ತಿದ್ದರು. ಗಾಯಕಿಯೂ ನಕ್ಕರು, ಆದರೆ ಅವರ ನಗು ಎಲ್ಲರಿಗಿಂತ ಮೊದಲು ನಿಂತಿತು. ಕಣ್ಣು ಮೇಜಿನ ಮೇಲಿಟ್ಟಿದ್ದ ಹಾಡಿನ ಪಟ್ಟಿಯ ಕಡೆ ಹೋಯಿತು, ಬೆರಳು ಅದರ ಅಂಚನ್ನು ಮಡಚತೊಡಗಿತು. ಆ ಹೊತ್ತಿಗೆ ನನ್ನ ನಾಲಿಗೆಯ ತುದಿಯಲ್ಲಿ ಒಂದು ಮಾತು ಸಿದ್ಧವಾಗಿತ್ತು: "ಹಾಗಾದರೆ ಕೇಳುವವರಿಗಿಂತ ಹಾಡುವವರೇ ಹೆಚ್ಚು!" ಅದನ್ನು ಆಡಿದ್ದರೆ ಇನ್ನೊಂದು ನಗು ಖಂಡಿತ ಸಿಗುತ್ತಿತ್ತು. ಆಡಲಿಲ್ಲ. "ಉಳಿದ ಮೂವರು ಯಾರು?" ಎಂದು ಕೇಳಿದೆ.

ಅವರ ಮುಖ ಅರಳಿತು. ಒಬ್ಬರು ಬೆಳಕಿನ ಸ್ವಿಚ್ ನೋಡಿಕೊಳ್ಳುವವರು, ಹನ್ನೊಂದು ಗಂಟೆಗೆ ಬಾಗಿಲು ಹಾಕಬೇಕೆಂದು ನಿಮಿಷಕ್ಕೊಮ್ಮೆ ಗಡಿಯಾರ ತೋರಿಸುತ್ತಿದ್ದರಂತೆ. ಇನ್ನೊಬ್ಬರು ಮಳೆ ನಿಲ್ಲುವವರೆಗೆ ಇರೋಣ ಎಂದು ಒಳಬಂದವರು. ಮೂರನೆಯವರು ವಯಸ್ಸಾದ ಹೆಂಗಸು. ಮುಂದಿನ ಸಾಲಿನಲ್ಲಿ ಒಬ್ಬರೇ ಕೂತು, ಕಾರ್ಯಕ್ರಮ ಮುಗಿದ ಮೇಲೆ ಎದ್ದು ಬಂದು, "ಮೂರನೇ ಹಾಡು ಇನ್ನೊಂದು ಸಲ ಹಾಡ್ತೀರಾ?" ಎಂದು ಕೇಳಿದರಂತೆ. ಬಿಚ್ಚಿಟ್ಟ ಕೇಬಲ್ಲುಗಳನ್ನೆಲ್ಲ ಮತ್ತೆ ಜೋಡಿಸಿ ಹಾಡಿದರಂತೆ. ಸ್ವಿಚ್ಚಿನವರು ಗಡಿಯಾರ ತೋರಿಸುವುದನ್ನು ಬಿಟ್ಟು ಕೂತು ಕೇಳಿದರಂತೆ.

ಇದನ್ನು ಹೇಳುವಾಗ ಅವರೂ ನಕ್ಕರು, ನಾವೂ ನಕ್ಕೆವು. ಮೊದಲ ನಗುವಿಗಿಂತ ಇದು ದೊಡ್ಡದಾಗಿತ್ತು, ಯಾರ ಮುಖವೂ ಚಿಕ್ಕದಾಗಲಿಲ್ಲ.

ಹಾಸ್ಯ, ಅಪಹಾಸ್ಯ ಎಂದು ನಮ್ಮ ಭಾಷೆ ಎರಡನ್ನೂ ಬೇರೆಬೇರೆ ಇಟ್ಟಿದೆ. ನಗು ಬೇರೆ, ನಗೆಪಾಟಲು ಬೇರೆ. ಸ್ವತಂತ್ರ ಸಂಗೀತಗಾರರನ್ನು ಕರೆದು ಅವರ ಬದುಕಿನ ಬಗ್ಗೆ ನಗುನಗುತ್ತ ಮಾತಾಡಿಸುವ ರೇಡಿಯೊ ಕಾರ್ಯಕ್ರಮ ಮಾಡುತ್ತ ನಾನು ಕಲಿತದ್ದೆಲ್ಲ ಈ ಎರಡರ ನಡುವಿನ ಅಂತರದ ಬಗ್ಗೆಯೇ. ಆ ಅಂತರವನ್ನು ಬಹುತೇಕ ಸಲ ತೀರ್ಮಾನಿಸುವುದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆಗೆ ಅತಿಥಿ ತನ್ನ ಸೋಲನ್ನು ತಾನೇ ತಮಾಷೆ ಮಾಡಿ ಕೊಟ್ಟುಬಿಡುತ್ತಾರೆ. ಅದು ಅವರಿಗೆ ರೂಢಿ, ಬೇರೆಯವರು ನಗುವ ಮೊದಲು ತಾವೇ ನಕ್ಕುಬಿಡುವುದು ಒಂದು ರಕ್ಷಣೆ. ಆ ತಮಾಷೆಯನ್ನು ಎತ್ತಿಕೊಂಡು ಅವರಿಗೇ ತಿರುಗಿಸಿ ಹೊಡೆಯುತ್ತೇವೋ, ಅಥವಾ ಅದರ ಹಿಂದೆ ಏನಿದೆ ಎಂದು ಕೇಳುತ್ತೇವೋ, ಅಲ್ಲಿ ಕಾರ್ಯಕ್ರಮದ ಗುಣ ತಿಳಿಯುತ್ತದೆ.

ಸ್ವತಂತ್ರ ಸಂಗೀತಗಾರರು ಎಂದರೆ ಯಾವ ದೊಡ್ಡ ಧ್ವನಿಮುದ್ರಣ ಕಂಪನಿಯ ಒಪ್ಪಂದವೂ ಇಲ್ಲದೆ, ಹಾಡು ಬರೆಯುವುದರಿಂದ ಹಿಡಿದು ಅದನ್ನು ಜನರ ಕಿವಿಗೆ ಮುಟ್ಟಿಸುವವರೆಗಿನ ಎಲ್ಲವನ್ನೂ ತಮ್ಮ ಮೈಮೇಲೆ ಹಾಕಿಕೊಂಡವರು. ಗಾಡಿ ಓಡಿಸುವುದು, ಆಂಪ್ಲಿಫೈಯರ್ ಹೊರುವುದು, ಪೋಸ್ಟರ್ ಬರೆಯುವುದು, ಬಾಕಿ ವಸೂಲಿ ಮಾಡುವುದು ಎಲ್ಲ ಅವರದೇ. ಹೆಚ್ಚಿನವರಿಗೆ ಹಗಲು ಬೇರೊಂದು ಕೆಲಸವಿರುತ್ತದೆ. ನಗು ಹುಟ್ಟುವುದು ಈ ಕೆಲಸಗಳ ವಿವರದಲ್ಲಿ. "ಜೀವನ ಹೇಗೆ ನಡೀತಿದೆ?" ಎಂದು ಕೇಳಿದರೆ "ನಡೀತಿದೆ" ಎಂಬ ಉತ್ತರ ಬರುತ್ತದೆ. "ಹೋದ ಸಲ ಡ್ರಮ್ಸ್ ಮೂರನೇ ಮಹಡಿಗೆ ಹೇಗೆ ಹೋಯಿತು?" ಎಂದು ಕೇಳಿ ನೋಡಿ, ಹತ್ತು ನಿಮಿಷ ನಾವು ಬಾಯಿ ಮುಚ್ಚಿ ಕೂರಬಹುದು.

ಹೀಗೆ ಕೇಳಬೇಕಾದರೆ ಅವರ ಲೋಕ ನಮಗೆ ಗೊತ್ತಿರಬೇಕು. ಒಮ್ಮೆ ಒಬ್ಬ ಗೀತರಚನಕಾರ, "ನನ್ನ ಹಾಡನ್ನು ಈ ವರ್ಷ ಒಂಬೈನೂರ ತೊಂಬತ್ತೆಂಟು ಸಲ ಕೇಳಿದ್ದಾರೆ" ಎಂದರು. ನನ್ನ ಜೊತೆಗಿದ್ದ ಹೊಸ ನಿರೂಪಕರು "ಅಭಿನಂದನೆ!" ಎಂದರು. ಅತಿಥಿ ಪೆಚ್ಚಾಗಿ ನಕ್ಕರು. ವಿಷಯ ಇಷ್ಟು: 2024ರಿಂದ, ಇಂಟರ್ನೆಟ್ಟಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಲ್ಪಟ್ಟಿರದಿದ್ದರೆ ಅದರ ಧ್ವನಿಮುದ್ರಣಕ್ಕೆ ರಾಯಧನ (ರಾಯಲ್ಟಿ) ಲೆಕ್ಕ ಹಾಕುವುದಿಲ್ಲ. ಎರಡೇ ಎರಡು ಸಲ ಕಡಿಮೆ! ಅವರು ಹೇಳಿದ್ದು ಚೆನ್ನಾಗಿ ಕಟ್ಟಿದ ತಮಾಷೆ, ನಮಗೆ ಹಿನ್ನೆಲೆ ಗೊತ್ತಿರದಿದ್ದರಿಂದ ಅದು ನೆಲಕ್ಕೆ ಬಿತ್ತು. ನಿಯಮ ತಿಳಿದಿದ್ದ ನಿರೂಪಕರಾಗಿದ್ದರೆ ಅದನ್ನು ಕೇಳುಗರಿಗೆ ಒಂದು ವಾಕ್ಯದಲ್ಲಿ ಹೇಳಿ, "ಆ ಎರಡು ಸಲ ಕೇಳೋಕೆ ಮನೆಯವರನ್ನು ಕೇಳಿದ್ರಾ?" ಎನ್ನುತ್ತಿದ್ದರು. ನಗುವೂ ಬರುತ್ತಿತ್ತು, ಕೇಳುಗರಿಗೆ ಒಂದು ನಿಜವೂ ತಿಳಿಯುತ್ತಿತ್ತು.

ತಯಾರಿಯ ವಿಷಯ ಬಂದಾಗ ಹೊಸಬರಿಗೆ ನಾನು ಕೆನಡಾದ ವ್ಯಾಂಕೂವರಿನ ನಾರ್ಡ್‌ವಾರ್ ಅವರು ಸಂಗೀತಗಾರರ ಜೊತೆ ಮಾಡಿದ ಸಂದರ್ಶನಗಳನ್ನು ಕೇಳಲು ಹೇಳುತ್ತೇನೆ. 1980ರ ದಶಕದಿಂದ ವಿಶ್ವವಿದ್ಯಾಲಯದ ರೇಡಿಯೊ ಕೇಂದ್ರವೊಂದರಲ್ಲಿ ಬೆಳೆದವರು. ವೇಷ, ದನಿ, ಅವಸರ ಎಲ್ಲವೂ ನಗೆ ತರಿಸುವಂಥವು. ಆದರೆ ಅತಿಥಿ ಚಿಕ್ಕಂದಿನಲ್ಲಿ ಕೇಳಿದ್ದ ಒಂದು ಹಳೆಯ ರೆಕಾರ್ಡನ್ನು ಅವರು ಚೀಲದಿಂದ ತೆಗೆದು ಕೈಗಿಟ್ಟಾಗ, ಎದುರಿಗಿದ್ದವರು "ಇದು ನಿಮಗೆ ಹೇಗೆ ಗೊತ್ತು?" ಎಂದು ಬೆರಗಾಗುತ್ತಾರೆ. ಹುಡುಗಾಟದ ಹಿಂದೆ ಎಷ್ಟು ಶ್ರದ್ಧೆ ಇದೆ ಎಂಬುದು ಆ ಒಂದು ಗಳಿಗೆಯಲ್ಲಿ ಕಾಣುತ್ತದೆ. ಹೆಸರಿಲ್ಲದ ಬ್ಯಾಂಡಿಗೂ ಹೆಸರಾಂತ ತಾರೆಗೂ ಅದೇ ತಯಾರಿ. ಬಿಬಿಸಿ ರೇಡಿಯೊ 1ರಲ್ಲಿ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ನಿರೂಪಕರಾಗಿದ್ದ ಜಾನ್ ಪೀಲ್ ಅವರದು ಇನ್ನೊಂದು ದಾರಿ. ರೆಕಾರ್ಡನ್ನು ತಪ್ಪು ವೇಗದಲ್ಲಿ ಹಾಕಿಬಿಟ್ಟರೆ ಪ್ರಸಾರದಲ್ಲೇ ಒಪ್ಪಿಕೊಳ್ಳುತ್ತಿದ್ದರು. ನಗು ಅವರ ಮೇಲೆ ಬೀಳುತ್ತಿತ್ತು, ಹಾಡಿದವರ ಮೇಲಲ್ಲ. ಯಾರಿಗೂ ಗೊತ್ತಿಲ್ಲದ ಎಷ್ಟೋ ತಂಡಗಳು ಅವರ ಸ್ಟುಡಿಯೊಗೆ ಹೆದರದೆ ಬಂದು ಹಾಡಿದವು.

ನಮ್ಮ ಕಾರ್ಯಕ್ರಮದಲ್ಲಿ ಎಲ್ಲರಿಗೂ ಕೇಳುವ ಒಂದು ಹುಚ್ಚು ಪ್ರಶ್ನೆ ಇದೆ: "ನಿಮ್ಮ ವಾದ್ಯ ನಿಮ್ಮ ಮೇಲೆ ದೂರು ಕೊಟ್ಟರೆ ಏನಂತ ಕೊಡುತ್ತದೆ?" ಬದಲಾಗದ ಒಂದು ಚೌಕಟ್ಟು ಎಷ್ಟು ದೂರ ಬರಬಲ್ಲದು ಎಂಬುದಕ್ಕೆ 1942ರಲ್ಲಿ ಬಿಬಿಸಿಯಲ್ಲಿ ಶುರುವಾದ ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್ ಎಂಬ ರೇಡಿಯೊ ಕಾರ್ಯಕ್ರಮ ಸಾಕ್ಷಿ. ನಿರ್ಜನ ದ್ವೀಪಕ್ಕೆ ಎಂಟು ಧ್ವನಿಮುದ್ರಣ ಒಯ್ಯಬಹುದು ಎಂಬ ಒಂದೇ ಕಲ್ಪನೆಯಲ್ಲಿ ಎಷ್ಟೊಂದು ಜನ ತಮ್ಮ ಬದುಕನ್ನು ಬಿಚ್ಚಿಟ್ಟಿದ್ದಾರೆ. ನೇರವಾಗಿ ಕೇಳಿದರೆ ಮುದುಡಿಕೊಳ್ಳುವ ಮನಸ್ಸು ಆಟದ ನೆಪ ಸಿಕ್ಕರೆ ತೆರೆದುಕೊಳ್ಳುತ್ತದೆ. ಹಣದ ತೊಂದರೆ ಬಗ್ಗೆ ಏನು ಕೇಳಿದರೂ ಜಾರಿಕೊಳ್ಳುತ್ತಿದ್ದ ಒಬ್ಬ ಗಿಟಾರ್ ವಾದಕ ಈ ಪ್ರಶ್ನೆಗೆ ಸ್ವಲ್ಪ ಯೋಚಿಸಿ, ಗಿಟಾರಿನ ಪರವಾಗಿ ದೂರು ಹೇಳಿದರು: "ಬಾಡಿಗೆ ಕಟ್ಟೋ ದಿನ ಬಂದಾಗಲೆಲ್ಲ ಇವನು ನನ್ನನ್ನೇ ನೋಡ್ತಾನೆ."

ಆ ಉತ್ತರ ಬರುವ ಮುನ್ನ ಸುಮಾರು ಎರಡು ಸೆಕೆಂಡು ಮೌನವಿತ್ತು. ಎಡಿಟಿಂಗಿನಲ್ಲಿ ಅದನ್ನು ನಾನು ಕತ್ತರಿಸಿಬಿಟ್ಟೆ. ಎರಡು ಸೆಕೆಂಡು ಏನು ಮಹಾ ಎನ್ನಿಸಬಹುದು. ಬೇರೆಬೇರೆ ಭಾಷೆಗಳ ಸಂಭಾಷಣೆಯನ್ನು ಅಳೆದವರು ಕಂಡುಕೊಂಡಂತೆ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಆ ಲೆಕ್ಕದಲ್ಲಿ ಎರಡು ಸೆಕೆಂಡು ಬಹಳ ದೀರ್ಘ, ಕೇಳುಗರ ಕಿವಿ ನೆಟ್ಟಗಾಗುವುದು ಅಲ್ಲೇ. ಅದನ್ನು ತೆಗೆದ ಮೇಲೆ ಉತ್ತರ ಮೊದಲೇ ಬರೆದಿಟ್ಟುಕೊಂಡು ಓದಿದ ಹಾಗೆ ಕೇಳಿಸಿತು. ಪ್ರಸಾರವಾದ ಮರುದಿನ ಆ ವಾದಕರು ಫೋನ್ ಮಾಡಿ, ಬೇಸರವಿಲ್ಲದ ದನಿಯಲ್ಲೇ, "ನಾನು ಯೋಚನೆ ಮಾಡಿ ಹೇಳಿದ್ದೆ ಸರ್" ಎಂದರು. ಆ ಮಾತು ಇವತ್ತಿಗೂ ಕಾಡುತ್ತದೆ. ಅಂದಿನಿಂದ ನಗುವಿಗೆ ಮುಂಚಿನ ಉಸಿರನ್ನು ನಾನು ಮುಟ್ಟುವುದಿಲ್ಲ. ಕತ್ತರಿಸಲೇಬೇಕಾದರೆ ನನ್ನ ಪ್ರಶ್ನೆಯನ್ನು ಚಿಕ್ಕದು ಮಾಡುತ್ತೇನೆ.

ಹೊರಗಿನಿಂದ ನಗು ತಂದು ಸೇರಿಸುವುದನ್ನೂ ಮಾಡಬಾರದು. ನಗುವನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಹೇಳಿದ್ದು ನಮ್ಮ ಕೆಲಸಕ್ಕೆ ನೇರವಾಗಿ ಅನ್ವಯಿಸುತ್ತದೆ. ಮನುಷ್ಯ ಒಂಟಿಯಾಗಿದ್ದಾಗ ನಗುವುದಕ್ಕಿಂತ ಜೊತೆಯಲ್ಲಿದ್ದಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ, ಅದರಲ್ಲೂ ಬಹುಪಾಲು ನಗು ಹುಟ್ಟುವುದು ಜೋಕಿಗಲ್ಲ, ತೀರಾ ಸಾಮಾನ್ಯ ಮಾತಿಗೆ. ಹಾಗಾಗಿ ನಿರೂಪಕರು ಬರೆದುಕೊಂಡು ಬರುವ ಜೋಕುಗಳಿಗಿಂತ ಕೋಣೆಯಲ್ಲಿ ಜನ ಒಬ್ಬರಿಗೊಬ್ಬರು ಎಷ್ಟು ಸಲೀಸಾಗಿದ್ದಾರೆ ಎಂಬುದು ಮುಖ್ಯ. ಬ್ಯಾಂಡಿನ ಎಲ್ಲರನ್ನೂ ಒಂದೇ ಮೇಜಿನ ಸುತ್ತ, ಮುಖಕ್ಕೆ ಮುಖ ಕಾಣುವಂತೆ ಕೂರಿಸುತ್ತೇನೆ.

ಒಬ್ಬೊಬ್ಬರಿಗೂ ಬೇರೆ ಮೈಕ್, ಬೇರೆ ಟ್ರ್ಯಾಕ್. ಇಲ್ಲದಿದ್ದರೆ ಒಬ್ಬರ ಅಟ್ಟಹಾಸದಲ್ಲಿ ಇನ್ನೊಬ್ಬರ ಒಳ್ಳೆಯ ಮಾತು ಮುಚ್ಚಿಹೋಗುತ್ತದೆ, ಆಮೇಲೆ ಬೇರ್ಪಡಿಸಲು ಬರುವುದಿಲ್ಲ. ಮೈಕಿನ ಲೆವೆಲ್, ಅಂದರೆ ದನಿ ಎಷ್ಟು ಜೋರಾಗಿ ದಾಖಲಾಗುತ್ತದೆ ಎಂಬುದನ್ನು ನೋಡುವಾಗ "ಒಂದು, ಎರಡು, ಮೂರು" ಹೇಳಿಸುವುದನ್ನು ಬಿಟ್ಟು ಅವರನ್ನು ಒಮ್ಮೆ ನಗಿಸಿ ನೋಡಬೇಕು, ಏಕೆಂದರೆ ಮಾತಿಗೆ ಸರಿಹೊಂದಿಸಿದ ಲೆವೆಲ್ಲಿನಲ್ಲಿ ನಗು ಒಡೆದುಹೋಗುತ್ತದೆ. ಗಾಯಕರು ಏರುದನಿಯಲ್ಲಿ ಹಾಡುವಾಗ ತಾವಾಗಿಯೇ ಮೈಕಿನಿಂದ ಹಿಂದೆ ಸರಿಯುತ್ತಾರೆ, ನಗುವಾಗ ಮಾತ್ರ ಮುಂದಕ್ಕೆ ಬಾಗುತ್ತಾರೆ. ಯಾಕೋ ಗೊತ್ತಿಲ್ಲ, ಆದರೆ ಎಲ್ಲರೂ ಹಾಗೇ.

ಬ್ಯಾಂಡುಗಳಲ್ಲಿ ಇನ್ನೊಂದನ್ನು ಗಮನಿಸಬೇಕು. ಪ್ರತಿ ತಂಡದಲ್ಲೂ ಒಬ್ಬರನ್ನು ಉಳಿದವರು ಸದಾ ಕಿಚಾಯಿಸುತ್ತಿರುತ್ತಾರೆ. ಬಹಳ ಸಲ ಅದು ಡ್ರಮ್ಸ್ ನುಡಿಸುವವರು, ಅವರ ಮೇಲೆ ಜಗತ್ತಿನಲ್ಲೆಲ್ಲ ಜೋಕುಗಳಿವೆ. ಸ್ನೇಹಿತರ ನಡುವೆ ಅದು ಸಲುಗೆ. ಅದೇ ಮಾತನ್ನು ಸಾವಿರಾರು ಜನ ಕೇಳುವಾಗ ನಿರೂಪಕರೂ ಸೇರಿಕೊಂಡು ಕಿಚಾಯಿಸಿದರೆ ಅದು ಲೇವಡಿಯಾಗುತ್ತದೆ. ನಾನು ಮೊದಲ ಪ್ರಶ್ನೆಯನ್ನು ಅವರಿಗೇ ಕೇಳುತ್ತೇನೆ. ತಂಡದ ಕಥೆಗಳೆಲ್ಲ ಅವರ ಹತ್ತಿರವೇ ಇರುತ್ತವೆ, ಹಿಂದೆ ಕೂತವರಿಗೆ ಎಲ್ಲರ ಬೆನ್ನೂ ಕಾಣುತ್ತದಲ್ಲ.

ರೆಕಾರ್ಡಿಂಗಿಗೆ ಮೊದಲು "ಯಾವುದರ ಬಗ್ಗೆ ತಮಾಷೆ ಬೇಡ?" ಎಂದು ಕೇಳುತ್ತೇನೆ. ಮುಗಿದ ಮೇಲೆ "ಏನಾದರೂ ತೆಗೆಯಬೇಕಾ?" ಎಂದು ಇನ್ನೊಮ್ಮೆ. ಎರಡನೆಯದು ಹೆಚ್ಚು ಮುಖ್ಯ, ನಗುವಿನ ಭರದಲ್ಲಿ ಹೇಳಿದ ಮಾತು ಮನೆಗೆ ಹೋದ ಮೇಲೆ ಚುಚ್ಚುವುದುಂಟು. ತೆಗೆಯಿರಿ ಎಂದರೆ ಕಾರಣ ಕೇಳದೆ ತೆಗೆಯುತ್ತೇನೆ, ಅದು ಇಡೀ ಕಾರ್ಯಕ್ರಮದ ಅತ್ಯುತ್ತಮ ಮಾತಾಗಿದ್ದರೂ ಸರಿ.

ಇನ್ನು ಹಾಡು. ಹಾಸ್ಯ ಕಾರ್ಯಕ್ರಮಗಳು ಹೆಚ್ಚು ತಪ್ಪುವುದು ಇಲ್ಲಿ, ಇದರಲ್ಲಿ ನನ್ನದು ರಾಜಿಯಿಲ್ಲದ ಅಭಿಪ್ರಾಯ. ಸಂಗೀತಗಾರರನ್ನು ಕರೆದು, ಅರ್ಧ ಗಂಟೆ ನಗಿಸಿ, ಅವರ ಹಾಡನ್ನು ಒಂದು ನಿಮಿಷಕ್ಕೆ ತಗ್ಗಿಸಿ ಅದರ ಮೇಲೆ ನಮ್ಮ ಮಾತು ಹಚ್ಚುವುದು ಅನ್ಯಾಯ. ಹಾಡು ಪೂರ್ತಿ ಬರಬೇಕು. ಹಾಡಿಗೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಹಾಡಿನ ಹೆಸರನ್ನೂ ಹಾಡಿದವರ ಹೆಸರನ್ನೂ ಹೇಳಬೇಕು. ಹಾಡು ಶುರುವಾಗುವ ಮುಂಚಿನ ಕೊನೆಯ ಮಾತು ನಗುವಿನದಾಗಿರದೆ ಇದ್ದರೆ ಒಳ್ಳೆಯದು, ನಗುತ್ತಿರುವ ಕಿವಿಗೆ ಹಾಡಿನ ಮೊದಲ ಸಾಲು ಬೀಳುವುದಿಲ್ಲ. ಪ್ರಸಾರದ ದಾಖಲೆಯಲ್ಲಿ ರಚನಕಾರರ ಹೆಸರು, ಹಾಡಿನ ಅವಧಿ ಎಲ್ಲ ಸರಿಯಾಗಿ ಬರೆಯುವುದನ್ನೂ ತಾತ್ಸಾರ ಮಾಡಬಾರದು. ಹಾಡಿನ ರಚನೆಯ ಹಕ್ಕು, ಧ್ವನಿಮುದ್ರಣದ ಹಕ್ಕು ಬೇರೆಬೇರೆ. ಅಮೆರಿಕದಲ್ಲಿ ಸಾಮಾನ್ಯ ರೇಡಿಯೊ ಪ್ರಸಾರಕ್ಕೆ ರಚನಕಾರರಿಗೆ ರಾಯಧನ ಸಿಗುತ್ತದೆ, ಆದರೆ ಧ್ವನಿಮುದ್ರಣದಲ್ಲಿ ಹಾಡಿದವರಿಗೆ ಸಿಗುವುದಿಲ್ಲ. ಸಿಗಬೇಕಾದ ಆ ಸ್ವಲ್ಪವೂ ನಮ್ಮ ಕಾಗುಣಿತದ ತಪ್ಪಿನಿಂದ ತಪ್ಪಿಹೋಗಬಾರದು.

ಆ ಏಳು ಜನರ ಕಥೆ ಹೇಳಿದ ಗಾಯಕಿಗೆ ಹೊಸ ಹಾಡೊಂದು ಬಿಡುಗಡೆಯಾಗುವುದಿತ್ತು, ಅದನ್ನೇ ಹಾಕುವುದೆಂದು ಮಾತಾಗಿತ್ತು. ರೆಕಾರ್ಡಿಂಗ್ ಮುಗಿಸಿ ಹೆಡ್‌ಫೋನ್ ತೆಗೆದಿಟ್ಟವರು ಬಾಗಿಲವರೆಗೆ ಹೋಗಿ ತಿರುಗಿ ಬಂದರು. "ಅವತ್ತು ಮುಂದಿನ ಸಾಲಲ್ಲಿ ಕೂತಿದ್ರಲ್ಲ, ಅವರು ರೇಡಿಯೊ ಕೇಳ್ತೀನಿ ಅಂತ ಹೇಳಿದ್ರು. ಹೊಸದು ಬೇಡ, ಆ ಮೂರನೇ ಹಾಡೇ ಹಾಕ್ತೀರಾ?"

ಆ ಹಾಡು ಆರು ನಿಮಿಷದ್ದು. ಹೊಸದಕ್ಕಿಂತ ಎರಡೂವರೆ ನಿಮಿಷ ಉದ್ದ. ಸಂಜೆ ಎಡಿಟಿಂಗಿಗೆ ಕೂತು, ನನಗೆ ತುಂಬ ಇಷ್ಟವಾಗಿದ್ದ ಒಂದು ತಮಾಷೆಯ ತುಣುಕನ್ನು ಪೂರ್ತಿಯಾಗಿ ತೆಗೆದು ಜಾಗ ಮಾಡಿದೆ.